ಮೊದಲು ಕಿವಿ

ಮಲ್ಪೆ
14 ಜೂನ್ 2025, ಶನಿವಾರ, ರಾತ್ರಿ

ಮಗ ಡೈವಿಂಗ್ ಕಲಿಯಲು ಎಲ್ಲಿಗೆ ಹೋಗಬೇಕು ಅಂತ ಕೇಳಲು ಬಂದಿದ್ದ ತಂಡೇಲಣ್ಣ (ಮೀನುಗಾರಿಕೆ ಬೋಟು ನಡೆಸುವವರು) ಮತ್ತು ಆ ಹುಡುಗ ಹೋಗಿ ಒಂದು ಗಂಟೆ ಆಯಿತು. ಮೆಟ್ಟಿಲಿಳಿಯುತ್ತ ಹುಡುಗ ಆಡಿದ ಒಂದು ಮಾತು ಇನ್ನೂ ಕೊರೆಯುತ್ತಿದೆ. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ಉಳಿದದ್ದು.

ಮಳೆ ಮಧ್ಯಾಹ್ನದಿಂದ ಒಂದೇ ಸಮನೆ. ಬಂದರಿನಲ್ಲಿ ಬೋಟುಗಳು ಒಂದರ ಮೈಗೆ ಒಂದು ತಾಗಿಕೊಂಡು ನಿಂತಿವೆ. ಮೀನುಗಾರಿಕೆಗೆ ಮಳೆಗಾಲದ ನಿಷೇಧ, ಜುಲೈ 31 ಕಳೆಯುವವರೆಗೆ ಹೀಗೆಯೇ. ಹುಡುಗ ಚಹಾ ಮುಟ್ಟುವ ಮೊದಲೇ ಮೊಬೈಲ್ ಮುಂದೆ ಹಿಡಿದ. ಥಾಯ್ಲೆಂಡಿನ ಕೊ ತಾವೊ, ಇಂಡೊನೇಷ್ಯಾದ ಗಿಲಿ ತ್ರವಾಂಗನ್, ಈಜಿಪ್ಟಿನ ದಹಾಬ್, ಆಸ್ಟ್ರೇಲಿಯಾದ ಒಂದು ಶಾಲೆ. ನಾಲ್ಕು ಕಡೆಯ ಡೈವಿಂಗ್ ತರಬೇತಿಯ ಪ್ಯಾಕೇಜು.

"ಇದ್ರಲ್ಲಿ ಯಾವುದು ಒಳ್ಳೇದು ಹೇಳಿ ಮಾರ್ರೆ, ಸೋಮವಾರ ಅಡ್ವಾನ್ಸ್ ಹಾಕುವ" ಅಂದರು ತಂಡೇಲಣ್ಣ. "ಕಲ್ತು ಬಂದ್ರೆ ಪಣಂಬೂರಿನ ಬಂದರಿನಲ್ಲಿ ಕೆಲಸ ಸಿಗ್ತದಲ್ಲ? ಹಡಗಿನ ಅಡಿ ಉಜ್ಜುವವರಿಗೆ ಒಳ್ಳೆ ಸಂಬಳ ಅಂತೆ."

ಗೊಂದಲ ಅಲ್ಲಿಯೇ ಇತ್ತು. ಡೈವರ್ ಎಂಬ ಒಂದು ಹೆಸರಿನಡಿ ಎರಡು ಕಸುಬು ಇವೆ. ಜನರನ್ನು ನೀರಿನೊಳಗೆ ಕರೆದೊಯ್ಯುವುದು, ಅವರಿಗೆ ಕಲಿಸುವುದು ಒಂದು. ಡೈವ್‌ಮಾಸ್ಟರ್, ಇನ್‌ಸ್ಟ್ರಕ್ಟರ್ ಅನ್ನುವುದು ಇವರನ್ನು, ಪಾಡಿ ಅಥವಾ ಎಸ್‌ಎಸ್‌ಐ ಎಂಬ ತರಬೇತಿ ಸಂಸ್ಥೆಗಳ ಕಾರ್ಡು ಇರುವುದು ಇದಕ್ಕೆ. ಇನ್ನೊಂದು ನೀರಿನಡಿಯ ಕೂಲಿ ಕೆಲಸ: ಹಡಗಿನ ತಳ ಉಜ್ಜುವುದು, ಬೆಸುಗೆ, ಪೈಪು, ಕಾಂಕ್ರೀಟು. ಅಲ್ಲಿ ಗಾಳಿ ಬೆನ್ನಿನ ಸಿಲಿಂಡರಿನಿಂದಲ್ಲ, ಮೇಲಿನಿಂದ ಇಳಿಬಿಟ್ಟ ಹೋಸಿನಿಂದ ಬರುತ್ತದೆ. ಅದರೊಟ್ಟಿಗೆ ಮಾತಿನ ತಂತಿ, ಆಳ ತಿಳಿಯುವ ಸಣ್ಣ ನಳಿಗೆ, ಎಲ್ಲ ಸೇರಿಸಿ ಕಟ್ಟಿದ ಒಂದು ದಪ್ಪ ಹಗ್ಗ. ಕಡಲಾಚೆಯ ತೈಲ ಕೆಲಸದಲ್ಲಿ ನಡೆಯುವ ಐಎಂಸಿಎ (ಗುತ್ತಿಗೆದಾರರ ಅಂತರರಾಷ್ಟ್ರೀಯ ಸಂಘ) ಸಂಹಿತೆ ಸ್ಕೂಬಾವನ್ನು, ಅಂದರೆ ಬೆನ್ನಿನ ಸಿಲಿಂಡರನ್ನು, ಒಪ್ಪುವುದೇ ಇಲ್ಲ. ಕಾರಣ ಸರಳ: ಬೆನ್ನಿನ ಗಾಳಿ ಮುಗಿಯುತ್ತದೆ, ಒಳಗಿರುವವನಿಗೆ ಏನಾಯಿತೆಂದು ಮೇಲಿರುವವರಿಗೆ ಗೊತ್ತಾಗುವುದಿಲ್ಲ.

ಹುಡುಗನ ಮೊಬೈಲಿನಲ್ಲಿದ್ದ ಆಸ್ಟ್ರೇಲಿಯಾದ ಶಾಲೆ ಈ ಎರಡನೆಯ ಜಾತಿಯದು. ಕಸುಬಿನ ಡೈವರ್‌ಗಳಿಗೆ ಅರ್ಹತೆ ಕೊಡುವ ಅಲ್ಲಿನ ಎಡಿಎಎಸ್ ಪದ್ಧತಿಯಲ್ಲಿ ಪಾರ್ಟ್ 1 ಅಂದರೆ 30 ಮೀಟರಿನವರೆಗೆ ಸ್ಕೂಬಾ, ಪಾರ್ಟ್ 2 ಅಂದರೆ 30 ಮೀಟರಿನವರೆಗೆ ಹೋಸಿನ ಗಾಳಿ, ಪಾರ್ಟ್ 3 ಅಂದರೆ 50 ಮೀಟರ್, ಪಾರ್ಟ್ 4 ಅಂದರೆ ಮುಚ್ಚಿದ ಬೆಲ್, ಡೈವರ್‌ಗಳನ್ನು ಆಳಕ್ಕೆ ಇಳಿಸುವ ಕೋಣೆ. ಇವನಿಗೆ ಕಳಿಸಿದ್ದ ದರ ಪಾರ್ಟ್ 1ರದ್ದು ಮಾತ್ರ. ಅಷ್ಟೇ ಹಿಡಿದು ಬಂದವನಿಗೆ ತೈಲದ ಕೆಲಸ ಕೊಡುವವರಿಲ್ಲ. ಹಾಗೆಯೇ ಪಾಡಿಯ ಇನ್‌ಸ್ಟ್ರಕ್ಟರ್ ಕಾರ್ಡು ತೋರಿಸಿದರೂ ಅಲ್ಲಿ ಕವಡೆ ಬೆಲೆ. ಇದನ್ನು ತಿಳಿಯದೆ ಲಕ್ಷಗಟ್ಟಲೆ ಕಟ್ಟುವವರು ಇದ್ದಾರೆ, ಅದು ನನಗೆ ನಿಜವಾಗಿ ಸಂಕಟ ಕೊಡುತ್ತದೆ.

"ನಿಂಗೆ ಯಾವುದು ಬೇಕು ಮಗಾ?" ಅಂತ ಕೇಳಿದೆ. ಅಪ್ಪನ ಮುಖ ನೋಡಿದ. "ನಂಗೆ ಜನರನ್ನು ಕರ್ಕೊಂಡು ಹೋಗುವುದೇ ಇಷ್ಟ. ಎರಡು ವರ್ಷ ಹೊರಗೆ, ಆಮೇಲೆ ಇಲ್ಲಿಯೇ, ನೇತ್ರಾಣಿ ದ್ವೀಪದಲ್ಲಿ." ತಂಡೇಲಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆಸ್ಟ್ರೇಲಿಯಾ ಬಿಡಿ" ಅಂದರು. ಅಷ್ಟು ಬೇಗ ಒಪ್ಪುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ಉಳಿದದ್ದು ಮೂರು. ಆದರೆ ಹುಡುಗನ ಲಾಗ್‌ಬುಕ್ಕಿನಲ್ಲಿ 14 ಡೈವ್. ಕಳೆದ ಡಿಸೆಂಬರಿನಲ್ಲಿ ನೇತ್ರಾಣಿಯಲ್ಲಿ ಓಪನ್ ವಾಟರ್, ಅಡ್ವಾನ್ಸ್ಡ್ ಎಂಬ ಮೊದಲ ಎರಡೂ ಕೋರ್ಸು ಆಗಿದೆ. ಪಾಡಿಯಲ್ಲಿ ಡೈವ್‌ಮಾಸ್ಟರ್ ಶುರು ಮಾಡಲು 40 ಡೈವ್, ರೆಸ್ಕ್ಯೂ ಕಾರ್ಡು, 24 ತಿಂಗಳೊಳಗಿನ ಪ್ರಥಮ ಚಿಕಿತ್ಸೆ ತರಬೇತಿ ಬೇಕು. ಮುಗಿಸಲು 60 ಡೈವ್. ಇನ್‌ಸ್ಟ್ರಕ್ಟರ್ ಪರೀಕ್ಷೆಗೆ 100, ಜೊತೆಗೆ ಮೊದಲ ಕಾರ್ಡು ಸಿಕ್ಕಿ 6 ತಿಂಗಳು ಆಗಿರಬೇಕು. ಪ್ಯಾಕೇಜಿನವರು ಈ ಡೈವ್‌ಗಳನ್ನು ಹೇಗಾದರೂ ತುಂಬಿಸುತ್ತಾರೆ: ಒಂದೇ ಕೊಲ್ಲಿಯಲ್ಲಿ, ಒಂದೇ ಬಂಡೆಯ ಸುತ್ತ, ದಿನಕ್ಕೆ ಮೂರು. ಲೆಕ್ಕ ತುಂಬುತ್ತದೆ. ಆದರೆ ನೂರು ಡೈವ್ ಮಾಡಿದವನ ಅನುಭವ ಇರುವುದಿಲ್ಲ, ಒಂದೇ ಡೈವನ್ನು ನೂರು ಸಲ ಮಾಡಿದವನದು ಇರುತ್ತದೆ. ರೆಸ್ಕ್ಯೂ ಮತ್ತು ಮೊದಲ 40 ಡೈವ್ ಇಲ್ಲಿ ಅಥವಾ ಅಂಡಮಾನಿನಲ್ಲಿ ಮುಗಿಸಿ, ಡೈವ್‌ಮಾಸ್ಟರ್‌ಗೆ ಮಾತ್ರ ಹೊರಗೆ ಹೋಗುವುದು ಒಳ್ಳೆಯದು. ಖರ್ಚೂ ಕಡಿಮೆ.

ಕೊ ತಾವೊ 21 ಚದರ ಕಿಲೋಮೀಟರಿನ ದ್ವೀಪ. ಬ್ಯಾಂಕಾಕಿನಿಂದ ರಾತ್ರಿ ರೈಲು ಅಥವಾ ಬಸ್ಸಿನಲ್ಲಿ ಚುಂಫೋನ್, ಅಲ್ಲಿಂದ ಬೋಟು. ನೀರು 27ರಿಂದ 30 ಡಿಗ್ರಿ, ಕೊಲ್ಲಿಗಳು ಶಾಂತ, ಹೆಚ್ಚಿನ ಜಾಗಗಳು ಬೋಟಿನಲ್ಲಿ ಅರ್ಧ ಗಂಟೆಯೊಳಗೆ. 2011ರಲ್ಲಿ ಮುಳುಗಿಸಿದ ಥಾಯ್ ನೌಕಾಪಡೆಯ ಸತ್ತಕುಟ್ ಹಡಗು ಸುಮಾರು 30 ಮೀಟರ್ ತಳದಲ್ಲಿದೆ. ಮುಳುಗಿದ ಹಡಗಿನ ಸುತ್ತ ಜನರನ್ನು ತಿರುಗಿಸುವುದು ಕಲಿಯಲು ಅದು ಒಳ್ಳೆಯ ಜಾಗ. ಶಾಲೆಗಳ ಪೈಪೋಟಿ ಇರುವುದರಿಂದ ದರ ಕಡಿಮೆ, ಆದರೆ ಒಬ್ಬ ಇನ್‌ಸ್ಟ್ರಕ್ಟರ್ ಹಿಂದೆ ಎಷ್ಟು ಜನ ಟ್ರೈನಿಗಳು ಅಂತ ಕೇಳದೆ ಹೋದರೆ ಗುಂಪಿನಲ್ಲಿ ಕಳೆದುಹೋಗುತ್ತೀರಿ. ದಿನಾ ಹೊಸಬರು ಬರುವ ಊರು ಅದು. ಹೆದರಿದವರನ್ನು, ಮಾಸ್ಕಿನಲ್ಲಿ ನೀರು ತುಂಬಿದ ಕೂಡಲೇ ಮೇಲೆ ಜಿಗಿಯುವವರನ್ನು ಸಂಭಾಳಿಸುವುದು ಅಲ್ಲಿ ಚೆನ್ನಾಗಿ ಬರುತ್ತದೆ. ಸೆಳೆತ ಸಂಭಾಳಿಸುವುದು ಅಷ್ಟು ಬರುವುದಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಅಲ್ಲಿ ಕಡಲು ಒರಟು, ಆಗ ಹೋಗಬಾರದು.

ಗಿಲಿಯಲ್ಲಿ ಸೆಳೆತವೇ ಗುರು. ಲೊಂಬೊಕ್ ಪಕ್ಕದ ಮೂರು ಪುಟ್ಟ ದ್ವೀಪಗಳ ನಡುವೆ ನೀರು ಓಡುತ್ತದೆ. ಬೋಟು ಲಂಗರು ಹಾಕದೆ ಗುಳ್ಳೆಗಳ ಹಿಂದೆ ಬರುತ್ತದೆ. ಹಾಗಾಗಿ ಐದು ಮೀಟರಿನಲ್ಲಿ ನಿಂತು ಕಿತ್ತಳೆ ಬಣ್ಣದ ಸರ್ಫೇಸ್ ಮಾರ್ಕರ್ ಬಲೂನು ಮೇಲೆ ಬಿಡುವುದು ದಿನನಿತ್ಯದ ಕೆಲಸ. ಹೊಸಬರು ಅದರಲ್ಲಿ ಮಾಡುವ ತಪ್ಪು ಒಂದೇ: ರೀಲಿನ ದಾರ ಕೈಗೆ ಅಥವಾ ಬಿಸಿಡಿಯ (ಮೈಗೆ ಹಾಕುವ ತೇಲು ಜಾಕೆಟ್ಟಿನ) ಕೊಂಡಿಗೆ ಸಿಕ್ಕಿಕೊಂಡಿದ್ದಾಗಲೇ ಗಾಳಿ ತುಂಬುತ್ತಾರೆ, ಬಲೂನು ಅವರನ್ನೂ ಎಳೆದುಕೊಂಡು ಹೋಗುತ್ತದೆ. ಬಲೆಯ ಹಗ್ಗ ಕಾಲಿಗೆ ಸುತ್ತಿಕೊಳ್ಳುವುದು ಗೊತ್ತಿರುವ ತಂಡೇಲಣ್ಣ ಇದಕ್ಕೆ ಜೋರಾಗಿ ತಲೆಯಾಡಿಸಿದರು. ಏಪ್ರಿಲ್‌ನಿಂದ ಅಕ್ಟೋಬರ್ ಅಲ್ಲಿ ಒಣ ಕಾಲ, ಅಂದರೆ ನೇತ್ರಾಣಿ ಮುಚ್ಚಿರುವ ಕಾಲಕ್ಕೆ ಸರಿಯಾಗಿ. ವೀಸಾ ಇಳಿದ ಮೇಲೆ 30 ದಿನ, ಒಂದು ಸಲ ಇನ್ನೂ 30 ದಿನ ಹೆಚ್ಚಿಸಬಹುದು. ಡೈವ್‌ಮಾಸ್ಟರ್‌ಗೆ ಅಷ್ಟು ಸಾಕು, ಇನ್‌ಸ್ಟ್ರಕ್ಟರ್ ಕೂಡ ಅದರಲ್ಲೇ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ.

ದಹಾಬ್ ಬೇರೆಯೇ. ಬೋಟು ಕಡಿಮೆ, ಸಿಲಿಂಡರ್ ಹೊತ್ತು ದಡದಿಂದಲೇ ಇಳಿಯುವುದು. ಕೆಂಪು ಸಮುದ್ರದ ಉಪ್ಪು ಲೀಟರಿಗೆ 40 ಗ್ರಾಂ ಹತ್ತಿರ, ನಮ್ಮ ಕಡಲಿನಲ್ಲಿ 35ರ ಸುಮಾರು. ಆ ಒಂದು ಕಾರಣಕ್ಕೆ, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ ಅರ್ಧ ಕಿಲೋ ಹೆಚ್ಚು ಬೇಕು. ಚಳಿಗಾಲದಲ್ಲಿ ನೀರು 21, 22 ಡಿಗ್ರಿಗೆ ಇಳಿಯುತ್ತದೆ, 5 ಮಿಲಿಮೀಟರ್ ಸೂಟು ಹಾಕಿದರೆ ಸೀಸ ಇನ್ನೂ ಏರುತ್ತದೆ. ಸಿಲಿಂಡರಿನ ಕವಾಟ ಅಲ್ಲಿ ಸಾಮಾನ್ಯವಾಗಿ ಡಿನ್ ತಿರುಪಿನದು, ಏಷ್ಯಾದ ಈ ಕಡೆ ಯೋಕ್ ಕ್ಲ್ಯಾಂಪು. ಸಿಲಿಂಡರಿನ ಗಾಳಿ ಬಾಯಿಗೆ ತರುವ ರೆಗ್ಯುಲೇಟರ್ ಡಿನ್‌ನದು ತೆಗೆದುಕೊಂಡು ಯೋಕ್ ಅಡಾಪ್ಟರ್ ಇಟ್ಟುಕೊಂಡರೆ ಎರಡೂ ಕಡೆ ನಡೆಯುತ್ತದೆ. ಅಲ್ಲಿನ ಬ್ಲೂ ಹೋಲ್ ಎಂಬ ಆಳದ ಗುಂಡಿಯ ಬಂಡೆಯ ಕಮಾನು 50 ಮೀಟರಿಗಿಂತ ಕೆಳಗಿದೆ, ಹವ್ಯಾಸಿ ಡೈವಿಂಗಿನ ಮಿತಿ 40. ದಡದ ಬಂಡೆಯಲ್ಲಿ ಸತ್ತವರ ಹೆಸರಿನ ಫಲಕಗಳಿವೆ. ಹುಡುಗ ಆ ಕಮಾನಿನ ವಿಡಿಯೊ ತೋರಿಸಿ "ಇದು ಮಾಡ್ಬೇಕು" ಅಂದಾಗ ನನ್ನ ಎದೆ ಧಸಕ್ಕೆಂದಿತು. ಬೇಡ ಅಂತ ಹೇಳಿದೆ, ಗಟ್ಟಿಯಾಗಿಯೇ.

ಅವನಿಗೆ ನಾನು ಹೇಳಿದ್ದು ಗಿಲಿ. ಮುಂದೆ ಮಾಲ್ಡೀವ್ಸ್‌ನಲ್ಲಿ ಕೆಲಸ ಹುಡುಕುವವನು, ಆಮೇಲೆ ಮುರ್ಡೇಶ್ವರದಿಂದ ಬೋಟು ಹತ್ತುವವನು ಸೆಳೆತದಲ್ಲಿಯೇ ಕಲಿಯಬೇಕು. ಮಾಲ್ಡೀವ್ಸ್‌ನ ಕಾಲುವೆಗಳಲ್ಲಿ ನೀರು ಹೊಳೆಯ ಹಾಗೆ ಹರಿಯುತ್ತದೆ, ಕಾನೂನಿನ ಮಿತಿ 30 ಮೀಟರ್. ಅಲ್ಲಿಗೆ ನಮಗೆ ಮುಂಚಿತ ವೀಸಾ ಬೇಡ. ಆದರೆ ಕೋರ್ಸಿಗೆ ಅದು ದುಬಾರಿ, ದುಡಿಯಲು ಹೋಗುವ ಊರು ಅದು.

ಗಾಳಿಯ ಲೆಕ್ಕ ಬಂದಾಗ ತಂಡೇಲಣ್ಣನ ಕಣ್ಣು ಅರಳಿತು. ಅಲ್ಯೂಮಿನಿಯಂ 80 ಸಿಲಿಂಡರ್ ಅಂದರೆ 11.1 ಲೀಟರ್. 200 ಬಾರ್ ತುಂಬಿದರೆ 2,220 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟಬಾರದು, ಅಂದರೆ 555 ತೆಗೆದು ಉಳಿದದ್ದು 1,665. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 20 ಮೀಟರಿನಲ್ಲಿ ಒತ್ತಡ ಮೂರು ಪಟ್ಟು, 60 ಲೀಟರ್ ಬೇಕು. ಭಾಗಿಸಿದರೆ 27 ನಿಮಿಷ ಚಿಲ್ಲರೆ. "ಡೀಸೆಲ್ ಹಾಗೆಯೇ ಅಲ್ವಾ, ವಾಪಸ್ ಬರುವಷ್ಟು ಮೊದಲೇ ತೆಗೆದಿಡಬೇಕು" ಅಂದರು. ಹೌದು, ಮತ್ತೆ ಆ ಗಾಳಿಗೂ ತೂಕ ಉಂಟು: ಲೀಟರಿಗೆ 1.2 ಗ್ರಾಂ ಹಿಡಿದರೆ ಇಳಿಯುವಾಗ 2.7 ಕಿಲೋ ಇದ್ದದ್ದು ಮೇಲೇರುವ ಹೊತ್ತಿಗೆ ಎರಡು ಕಿಲೋ ಕಡಿಮೆ. ಇಳಿಯುವಾಗ ಸರಿಯಾಗಿದ್ದ ಸೀಸ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವಾಗ ಸಾಲದೆ ಮೇಲೆ ತೇಲಿಸುವುದು ಇದಕ್ಕೇ.

ಶಾಲೆಗೆ ಬರೆಯಬೇಕಾದ ಪತ್ರವನ್ನು ಇಲ್ಲಿಯೇ ಕೂತು ಬರೆಸಿದೆ. ಹೇಳಿದ ದರದಲ್ಲಿ ಪಾಠದ ಸಾಮಗ್ರಿ, ಬೋಟು, ಬಾಡಿಗೆ ಸಾಮಾನು ಸೇರಿದೆಯಾ? ಪಾಡಿಗೆ ಕಟ್ಟುವ ಅರ್ಜಿ ಶುಲ್ಕ ಮತ್ತು ವರ್ಷದ ಸದಸ್ಯತ್ವ ಬೇರೆ, ಅದು ಯಾವ ಪ್ಯಾಕೇಜಿನಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಕಲಿಸುವವರು ಯಾರು, ಅವರ ಸದಸ್ಯ ಸಂಖ್ಯೆ ಎಷ್ಟು? ಪಾಡಿಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಅವರಿಗೆ ಈ ವರ್ಷ ಕಲಿಸುವ ಅಧಿಕಾರ ಇದೆಯೇ ತಿಳಿಯುತ್ತದೆ. ಡೈವಿಂಗಿನಲ್ಲಿ ತೊಂದರೆಯಾದವರಿಗೆ ಚಿಕಿತ್ಸೆ ಕೊಡುವ ಒತ್ತಡದ ಚೇಂಬರ್ ಎಷ್ಟು ಗಂಟೆ ದೂರ? ಬೋಟಿನಲ್ಲಿ ಆಕ್ಸಿಜನ್ ಉಂಟಾ? "ಉಚಿತ ಇಂಟರ್ನ್‌ಶಿಪ್" ಅಂತ ಒಬ್ಬರು ಬರೆದಿದ್ದರು. ಸಿಲಿಂಡರ್ ಹೊತ್ತು, ತುಂಬಿಸಿ, ಅಂಗಡಿ ಗುಡಿಸುವುದು ಸಂಬಳ ಇಲ್ಲದಿದ್ದರೂ ಕೆಲಸವೇ, ಪ್ರವಾಸಿ ವೀಸಾದಲ್ಲಿ ಅದಕ್ಕೆ ಸಿಕ್ಕಿಬೀಳುವುದು ಶಾಲೆಯಲ್ಲ, ಹುಡುಗ. ಪಾಸ್‌ಪೋರ್ಟ್ ಅವರ ಕೈಯಲ್ಲಿ ಇಡಲು ಕೊಡಬಾರದು. ಇದನ್ನು ಎರಡು ಸಲ ಹೇಳಿದೆ.

ಡೈವ್‌ಮಾಸ್ಟರ್‌ನ ಈಜು ಪರೀಕ್ಷೆ? ಅದರ ಚಿಂತೆ ಇಲ್ಲ ಅಂದ ಹುಡುಗ. ಫಿನ್ ಇಲ್ಲದೆ 400 ಮೀಟರ್, 15 ನಿಮಿಷ ತೇಲುವುದು (ಕೊನೆಯ 2 ನಿಮಿಷ ಕೈ ಮೇಲೆತ್ತಿ), ಸ್ನಾರ್ಕೆಲ್ ಹಾಕಿ ಕೈ ಬಳಸದೆ 800 ಮೀಟರ್, ಇನ್ನೊಬ್ಬನನ್ನು ಎಳೆದುಕೊಂಡು 100 ಮೀಟರ್. ನಮ್ಮ ಕಡಲಿನ ಹುಡುಗರು ತಲೆ ಎತ್ತಿ ಈಜುತ್ತಾರೆ, ಅಲೆ ನೋಡಬೇಕಲ್ಲ. ಸಮಯದ ಮೇಲೆ ಅಂಕ ಕೊಡುವ ಪರೀಕ್ಷೆಯಲ್ಲಿ ಅದು ನಷ್ಟ. ಮಳೆಗಾಲ ಪೂರ್ತಿ ಅಜ್ಜರಕಾಡಿನ ಕೊಳಕ್ಕೆ ಹೋಗು ಅಂದೆ.

ಈಗ ಆ ಮಾತು. ಚಪ್ಪಲಿ ಹಾಕುತ್ತ ಅಂದ: "ಡಿಸೆಂಬರಿನಲ್ಲಿ ಎಡ ಕಿವಿ ಎರಡು ದಿನ ಮುಚ್ಚಿದ ಹಾಗಿತ್ತು. ಮತ್ತೆ ತನ್ನಿಂದ ತಾನೇ ಸರಿ ಆಯ್ತು." "ಶೀತ ಮಾರ್ರೆ" ಅಂದರು ತಂಡೇಲಣ್ಣ. ಇಬ್ಬರೂ ಮಳೆಗೆ ಇಳಿದರು.

ಶೀತವೇ ಇರಬಹುದು. ಆದರೆ ಮೊದಲ 10 ಮೀಟರಿನಲ್ಲಿಯೇ ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುವುದು, ಅದಕ್ಕಿಂತ ಕೆಳಗೆ ಅಷ್ಟು ಬೇಗ ಕುಗ್ಗುವುದಿಲ್ಲ. ಪ್ರವಾಸಿಗೆ ದಿನಕ್ಕೆ ಎರಡು ಸಲ ಇಳಿದು ಏರಿದರೆ ಆಯಿತು. ಕಲಿಸುವವನು ಹಾಗಲ್ಲ. ತುರ್ತಾಗಿ ಮೇಲೇರುವ ಅಭ್ಯಾಸವನ್ನು 6ರಿಂದ 9 ಮೀಟರಿನಿಂದ ಒಬ್ಬೊಬ್ಬ ವಿದ್ಯಾರ್ಥಿಯ ಜೊತೆ ಮಾಡಿಸಬೇಕು. ನಾಲ್ಕು ಜನ ಇದ್ದರೆ ನಾಲ್ಕು ಸಲ ಮೇಲೆ, ನಾಲ್ಕು ಸಲ ಕೆಳಗೆ, ಎಲ್ಲವೂ ಆ ಕಿವಿ ಅತಿ ಹೆಚ್ಚು ದುಡಿಯುವ ಆಳದಲ್ಲಿ. ಒತ್ತಡ ಸರಿಹೋಗದಿದ್ದಾಗ ಮೂಗು ಹಿಡಿದು ಬಲವಾಗಿ ಊದಿದರೆ ಒಳಕಿವಿಯ ಪೊರೆಯೇ ಹರಿಯಬಹುದು, ಆಮೇಲೆ ಕೇಳಿಸುವುದೂ ಇಲ್ಲ, ನಿಲ್ಲಲೂ ಆಗುವುದಿಲ್ಲ. ಡೈವ್‌ಮಾಸ್ಟರ್‌ಗೆ 12 ತಿಂಗಳೊಳಗಿನ ವೈದ್ಯರ ಸಹಿ ಹೇಗೂ ಬೇಕು. ಅದನ್ನು ಅಲ್ಲಿಗೆ ಹೋದ ಮೇಲೆ ಮಾಡಿಸುವ ಪದ್ಧತಿ ಇದೆ. ಅಡ್ವಾನ್ಸ್ ಕಟ್ಟಿ, ಟಿಕೆಟ್ ತೆಗೆದು, ಅಲ್ಲಿ ಹೋಗಿ ಬೇಡ ಅಂದರೆ ಆ ಹುಡುಗನ ಗತಿ ಏನು? ಇಎನ್‌ಟಿ ಡಾಕ್ಟರ ಹತ್ತಿರ ಟಿಂಪನೊಮೆಟ್ರಿ ಮಾಡಿಸಿದರೆ ನಡುಗಿವಿಯ ಒತ್ತಡ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ನಾನು ಕೇಳಬೇಕಾದದ್ದನ್ನು ಕೇಳಲಿಲ್ಲ. ಕಿವಿ ಮುಚ್ಚಿದ್ದು ಇಳಿಯುವಾಗಲೋ ಏರುವಾಗಲೋ? ಇಳಿಯುವಾಗ ಆದರೆ ಕಲಿತದ್ದರಲ್ಲಿ ತಪ್ಪು, ತಿದ್ದಬಹುದು: ಅರ್ಧ ಅರ್ಧ ಮೀಟರಿಗೆ, ನೋವು ಬರುವ ಮೊದಲೇ ಕಿವಿಯ ಒತ್ತಡ ಸರಿ ಮಾಡಿಕೊಳ್ಳುತ್ತ, ಕಾಲು ಕೆಳಗೆ ಮಾಡಿ ಇಳಿಯಬೇಕು. ಏರುವಾಗ ಆದರೆ, ಅಂದರೆ ಮೂಗು ಬಿಡಿಸುವ ಮಾತ್ರೆ ತಿಂದು ಇಳಿದು ಅದರ ಪ್ರಭಾವ ಕೆಳಗೇ ಮುಗಿದಿದ್ದರೆ, ಅದು ಬೇರೆಯೇ ಮಾತು. ಸೋಮವಾರ ಅಡ್ವಾನ್ಸ್ ಹಾಕುತ್ತಾರೆ ಅಂದಿದ್ದರಲ್ಲ, ನಾಳೆ ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡಿ ಮೊದಲು ಮಾತ್ರೆ ತಿಂದಿದ್ದನಾ ಅಂತ ಕೇಳಬೇಕು.