ಮೀಟಿಂಗಿಗೆ ಮುಂಚೆ ಅವರ ಟೇಬಲ್ಲಿಗೆ ಹೋಗಬೇಕಿತ್ತು

ಮಲೇಷ್ಯಾದ ಪೆನಾಂಗ್‌ನಲ್ಲಿ ಬಾಯಾನ್ ಲೆಪಾಸ್ ಅಂತ ಒಂದು ಜಾಗ. 1972ರಲ್ಲಿ ಕೈಗಾರಿಕಾ ವಲಯವಾಗಿ ಶುರುವಾಗಿ, ಈಗ ಅಲ್ಲಿ ಸಾಕಷ್ಟು ಚಿಪ್ ಕಾರ್ಖಾನೆಗಳಿವೆ. ನಮ್ಮ ಟೆಸ್ಟಿಂಗ್ ಲೈನಿನಲ್ಲಿ ಮಲಯ್ ಟೆಕ್ನಿಷಿಯನ್‌ಗಳು, ತಮಿಳು ಸೂಪರ್‌ವೈಸರ್, ಹೊಕ್ಕಿಯೆನ್ ಮಾತಾಡುವ ಚೀನೀ ಮೂಲದ ಸೀನಿಯರ್ ಎಂಜಿನಿಯರ್. ಜೊತೆಗೆ ಬೆಂಗಳೂರಿನಿಂದ ಹೋದ ನಾನು.

ಎರಡನೇ ತಿಂಗಳ ರಿವ್ಯೂನಲ್ಲಿ ಆ ಸೀನಿಯರ್ ಹಾಕಿದ್ದ ಟೆಸ್ಟ್ ಲಿಮಿಟ್, ಅಂದರೆ ಚಿಪ್ ಪಾಸೋ ಫೇಲೋ ಅಂತ ತೀರ್ಮಾನಿಸುವ ಮಿತಿ, ತಪ್ಪಾಗಿತ್ತು. ಎಲ್ಲರೆದುರು ಸ್ಕ್ರೀನಿಗೆ ಬೊಟ್ಟು ಮಾಡಿ ಹೇಳಿಬಿಟ್ಟೆ. ಬೆಂಗಳೂರಿನಲ್ಲಿ ನಮ್ಮ ಟೀಮು ಮೀಟಿಂಗಿನಲ್ಲೇ ಜಗಳ ಆಡಿ, ಆಮೇಲೆ ಒಟ್ಟಿಗೆ ಕಾಫಿಗೆ ಹೋಗುತ್ತಿತ್ತು. ಈ ಸೀನಿಯರ್ "ಕ್ಯಾನ್, ಕ್ಯಾನ್" (ಆಯ್ತು, ಆಯ್ತು) ಅಂದು ಬರೆದುಕೊಂಡರು. ಅಲ್ಲಿಂದ ಮೂರು ವಾರ ನಾನು ಏನು ಕೇಳಿದರೂ "ಸೀ ಹೌ ಲಾ". ಅದು 'ಇಲ್ಲ' ಅನ್ನುವುದರ ಮೆತ್ತನೆಯ ರೂಪ ಅಂತ ಬಹಳ ತಡವಾಗಿ ತಿಳಿಯಿತು.

ಸೂಪರ್‌ವೈಸರ್ ಬಿಡಿಸಿ ಹೇಳಿದರು: "ಅವರ ಕೈಕೆಳಗಿನವರ ಎದುರೇ ಮುಖ ತೆಗೆದುಬಿಟ್ಟಿರಿ." ಮುಖಭಂಗ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಚೀನೀಯರಲ್ಲಿ ಮುಖವನ್ನು 'ಕೊಡುವುದು' ಅಂತಲೂ ಇದೆ. ಇನ್ನೊಬ್ಬರ ಮರ್ಯಾದೆ ಕಾಯುವುದು ಎದುರಿಗಿರುವವನ ಕೆಲಸ. ಮುಂದಿನ ಸಲ ಡೇಟಾ ಹಿಡಿದು ಮೊದಲು ಅವರ ಟೇಬಲ್ಲಿಗೆ ಹೋದೆ. "ಇದನ್ನೊಮ್ಮೆ ನೋಡ್ತೀರಾ?" ಅಂದೆ, ಅಷ್ಟೆ. ಮೀಟಿಂಗಿನಲ್ಲಿ ತಿದ್ದುಪಡಿಯನ್ನು ಅವರೇ ಹೇಳಿದರು.

ಆಮೇಲೆ ಗಮನಿಸತೊಡಗಿದೆ. ಶುಕ್ರವಾರದ ನಮಾಜಿನ ಹೊತ್ತಿಗೆ ಅವರು ಯಾವತ್ತೂ ಮೀಟಿಂಗ್ ಇಡುತ್ತಿರಲಿಲ್ಲ. ಟೀಮ್ ಊಟಕ್ಕೆ ಅವರು ಆರಿಸುತ್ತಿದ್ದದ್ದು ಅನ್ನಕ್ಕೆ ಬಗೆಬಗೆಯ ಕರಿ ಹಾಕಿಕೊಡುವ ಹಲಾಲ್ ನಾಸಿ ಕಂದಾರ್ ಅಂಗಡಿ. ಮಲಯ್ ಹುಡುಗರು ಬಾಯಿಬಿಟ್ಟು ಕೇಳುವ ಪ್ರಮೇಯವೇ ಬರಬಾರದು. ಇದೂ ಮುಖ ಕಾಯುವುದೇ.

ಇದರ ಬೆಲೆಯೂ ಇದೆ. ಆ ಲಿಮಿಟ್ ತಪ್ಪು ಅಂತ ಇಬ್ಬರು ಟೆಕ್ನಿಷಿಯನ್‌ಗಳಿಗೆ ನನಗಿಂತ ಮೊದಲೇ ಗೊತ್ತಿತ್ತು, ಹೇಳಿರಲಿಲ್ಲ. ಹಿರಿಯರ ಮರ್ಯಾದೆ ಕಾಯಲು ಹೋಗಿ ಒಳ್ಳೆಯ ಚಿಪ್‌ಗಳು ತಿರಸ್ಕಾರವಾದದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಅದಕ್ಕೇ ಈಗ ಪ್ರತಿ ಶಿಫ್ಟಿನ ಕೊನೆಗೆ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳುತ್ತೇನೆ.

ಒಂದು ಬೆಳಿಗ್ಗೆ ಆ ಸೀನಿಯರ್ ನನ್ನ ಟೇಬಲ್ ಮೇಲೆ ಪೊಟ್ಟಣವೊಂದನ್ನು ಇಟ್ಟರು: ಸಸ್ಯಾಹಾರಿ ಬೀ ಹೂನ್, ಅಂದರೆ ಅಕ್ಕಿ ಶಾವಿಗೆ. ಚಾಂದ್ರಮಾನದ 1 ಮತ್ತು 15ನೇ ದಿನ, ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗೆ, ಅವರ ಮನೆಯಲ್ಲಿ ಮಾಂಸ ಮಾಡುವುದಿಲ್ಲವಂತೆ. ಹಳೆಯ ವಿಷಯ ಎತ್ತಲೇ ಇಲ್ಲ. "ಚಿಯಾ ಪಾ ಬೋಯ್?" ಅಂದರು. ಊಟ ಆಯ್ತಾ ಅಂತ.