ಸುರಂಗದ ಪುಟದಲ್ಲಿ ಅಕ್ಷರ ಬೇಡ ಎಂದೆ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಹೊಸ ಕಥೆ ಕೈಗೆ ಬಂದ ದಿನ ಮಾಡುವ ಮೊದಲ ಕೆಲಸ ಕಾಗದ ಮಡಚುವುದು. ಹಾಳೆಗಳನ್ನು ಮಡಚಿ, ಕತ್ತರಿಸಿ, ನಡುವೆ ಎರಡು ಪಿನ್ನು ಹೊಡೆದು ಅಂಗೈಯಗಲದ ಒಂದು ಪುಸ್ತಕ ಮಾಡುತ್ತೇನೆ. ಪುಟ 32. ಪ್ರೆಸ್ಸಿನಲ್ಲಿ ದೊಡ್ಡ ಹಾಳೆಯನ್ನು ಮಡಚಿದರೆ 16 ಪುಟದ ಒಂದು ಫಾರಂ ಆಗುತ್ತದೆ. ಎರಡು ಫಾರಂ ಸೇರಿದರೆ 32. ಮಕ್ಕಳ ಚಿತ್ರಪುಸ್ತಕಗಳು ಜಾಸ್ತಿ ಈ ಅಳತೆಯಲ್ಲೇ ಇರುವುದಕ್ಕೆ ಕಾರಣ ಇದೇ. ಹೆಸರಿನ ಪುಟ, ಪ್ರಕಾಶಕರ ವಿವರ ಎಲ್ಲ ಕಳೆದರೆ ಕಥೆಗೆ ಹದಿನಾಲ್ಕು ಜೋಡಿ ಪುಟ ಸಿಗುತ್ತದೆ. ಊರು, ಮಳೆ, ಜಗಳ, ರಾಜಿ ಎಲ್ಲವೂ ಅಷ್ಟರಲ್ಲೇ ಆಗಬೇಕು.

ಆ ಪುಟ್ಟ ಪುಸ್ತಕದಲ್ಲಿ ಕಣ್ಣು, ಮೂಗು ಏನೂ ಬರೆಯುವುದಿಲ್ಲ. ಬರೀ ಸೊನ್ನೆ, ಗೀಟು. ಪುಟ ಎಲ್ಲಿ ತಿರುಗಬೇಕು ಅನ್ನುವುದೇ ಆಗಿನ ಯೋಚನೆ. ಬಲಗಡೆ ಪುಟದಲ್ಲಿ ಏನಾದರೂ ಒಂದು ಅರ್ಧಕ್ಕೆ ನಿಲ್ಲಬೇಕು. ಬಾಗಿಲು ತುಸು ತೆರೆದಿರಬಹುದು, ಯಾರದೋ ಬಾಲ ಮಾತ್ರ ಕಾಣಬಹುದು. ಆಗ ಮಗುವಿನ ಕೈ ತಾನಾಗಿ ಪುಟದ ತುದಿಗೆ ಹೋಗುತ್ತದೆ. ಮುಖ್ಯವಾದ ಯಾವ ಮುಖವೂ ಎರಡು ಪುಟಗಳ ನಡುವಿನ ಮಡಿಕೆಗೆ ಸಿಗಬಾರದು. ಇದನ್ನೂ ಆಗಲೇ ನೋಡಿಕೊಳ್ಳುತ್ತೇನೆ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ. ಅಪ್ಪ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಫೋರ್ಟ್ ಬಡಾವಣೆಯ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದರು. ಹಗಲು ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದರು. ಹಳೆಯ ಬಿಲ್ ಪುಸ್ತಕಗಳನ್ನು ಮನೆಗೆ ತರುತ್ತಿದ್ದರು. ಅವುಗಳ ಹಿಂಬದಿಯೇ ನನ್ನ ಡ್ರಾಯಿಂಗ್ ಪುಸ್ತಕ. ಮುಂದೆ ಕಮರ್ಷಿಯಲ್ ಆರ್ಟ್ ಕಲಿತೆ, ಕೆಲವು ವರ್ಷ ಜಾಹೀರಾತು ಕಂಪನಿಯಲ್ಲಿ ಬಿಸ್ಕತ್ತಿನ ಪೊಟ್ಟಣಕ್ಕೆ ಚಿತ್ರ ಬರೆದೆ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ.

ಹೇಳಬೇಕಾದ್ದು ಕಲಾವಿದ ಕೆ.ಕೆ. ಹೆಬ್ಬಾರರ ಬಗ್ಗೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮುಂಬೈಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಇಲ್ಲೇ ನೆಲೆಸಿದರು. ಕಾಲೇಜಿನ ದಿನಗಳಲ್ಲಿ ಅವರ ರೇಖಾಚಿತ್ರಗಳನ್ನು ನೋಡಿ ನಾನು ಗಂಟೆಗಟ್ಟಲೆ ಕೂತಿದ್ದಿದೆ. ಕುಣಿಯುವ ಹೆಣ್ಣಿನ ತೋಳು, ಸೊಂಟ, ಸೆರಗು ಎಲ್ಲ ಒಂದೇ ಗೆರೆಯ ಓಟದಲ್ಲಿ. ನಡುನಡುವೆ ಆ ಗೆರೆ ತುಂಡಾಗುತ್ತದೆ. ಅಲ್ಲಿ ನಮ್ಮ ಕಣ್ಣೇ ಉಳಿದದ್ದನ್ನು ಜೋಡಿಸಿಕೊಂಡು ಮುಂದೆ ಹೋಗುತ್ತದೆ. ನೋಡುವವರಿಗೆ ಒಂದಿಷ್ಟು ಕೆಲಸ ಬಿಡಬೇಕು ಅನ್ನುವುದನ್ನು ನಾನು ಕಲಿತದ್ದು ಅಲ್ಲಿ. ಮಕ್ಕಳಿಗಂತೂ ಬಿಡಲೇಬೇಕು. ಅಕ್ಷರ ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಮಗುವಿಗೆ ಮಾಡಲು ಏನು ಉಳಿಯಿತು?

ನನ್ನ ಸ್ಕೆಚ್ ಪುಸ್ತಕ ತುಂಬುವುದು ಲೋಕಲ್ ರೈಲಿನಲ್ಲಿ. ಲೇಡೀಸ್ ಡಬ್ಬಿಯಲ್ಲಿ ಸಂಜೆ ಮೆಂತ್ಯ ಸೊಪ್ಪು ಬಿಡಿಸುವ ಕೈಗಳು, ಕ್ಲಿಪ್ಪು ಮಾರುವ ಹುಡುಗಿಯ ಭುಜ, ನಿಂತಲ್ಲೇ ನಿದ್ದೆ ಮಾಡುವ ಕತ್ತು. ಫೋಟೋ ತೆಗೆಯುವುದಿಲ್ಲ. ಫೋಟೋದಲ್ಲಿ ಎಲ್ಲವೂ ಬರುತ್ತದೆ, ಸ್ಕೆಚ್ಚಿನಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಮಾತ್ರ ಬರುತ್ತದೆ. ಮುಂಬೈ ಮಕ್ಕಳಿಗೆ ಚಿತ್ರ ಬರೆಯಿರಿ ಅಂದರೆ ಅವರೂ ಎರಡು ಗುಡ್ಡ, ನಡುವೆ ಸೂರ್ಯ, ಹೆಂಚಿನ ಮನೆ, ಪಕ್ಕದಲ್ಲಿ ನದಿ ಬರೆಯುತ್ತಾರೆ. ತಾವಿರುವ ಸಾಲುಮನೆಗಳ ಚಾಳು, ಮೆಟ್ಟಿಲು, ನೀರಿನ ಡ್ರಮ್ಮು ಚಿತ್ರಕ್ಕೆ ಬರುವಂಥವು ಅಂತ ಅವರಿಗೆ ಅನ್ನಿಸಿರುವುದೇ ಇಲ್ಲ. ನನಗೆ ಇದು ನೋವಿನ ವಿಷಯ. ಅದಕ್ಕೇ ನನ್ನ ಪುಸ್ತಕಗಳಲ್ಲಿ ಹಟ ಹಿಡಿದು ಡ್ರಮ್ಮು ಬರೆಯುತ್ತೇನೆ.

ಈಚಿನ ಪುಸ್ತಕ ಒಂದು ರೈಲಿನ ಕಥೆ. ಕಥೆ ಬರೆದವರು ಪುಣೆಯವರು. ಹುಡುಗಿಯೊಬ್ಬಳು ಅಮ್ಮಮ್ಮನ ಜೊತೆ ಕುರ್ಲಾದಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿ ಕುಂದಾಪುರಕ್ಕೆ ಹೋಗುತ್ತಾಳೆ. ಇಂಗ್ಲಿಷ್, ಮರಾಠಿ, ಹಿಂದಿ, ಕನ್ನಡ ನಾಲ್ಕರಲ್ಲೂ ಅಚ್ಚಾಗುವ ಪುಸ್ತಕ. ಚಿತ್ರ ಬರೆಯಲು ಕೂರುವ ಮೊದಲು ಆ ರೈಲಿನಲ್ಲೇ ಹೋಗಿಬಂದೆ. ಚಿಕ್ಕಂದಿನಿಂದ ಹೋಗುತ್ತಿದ್ದ ದಾರಿಯೇ. ಆದರೆ ಈ ಸಲ ಕಿಟಕಿ ಬಿಟ್ಟು ಏಳಲಿಲ್ಲ.

ಕೊಂಕಣ ರೈಲು ದಾರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ಎಲ್ಲಕ್ಕಿಂತ ಉದ್ದದ್ದು ರತ್ನಾಗಿರಿ ಹತ್ತಿರದ ಕರ್ಬುಡೆ, ಆರೂವರೆ ಕಿಲೋಮೀಟರು. ಕಥೆಯಲ್ಲಿ ಆ ಸುರಂಗಕ್ಕೆ ಆರು ಸಾಲು ಇತ್ತು. ಕತ್ತಲಾಯಿತು, ಹುಡುಗಿಗೆ ಹೆದರಿಕೆಯಾಯಿತು, ಅಮ್ಮಮ್ಮನ ಕೈ ಹಿಡಿದಳು, ಹೀಗೆ. ನಾನು ಸಂಪಾದಕಿಗೆ ಫೋನ್ ಮಾಡಿ ಈ ಪುಟದಲ್ಲಿ ಅಕ್ಷರ ಬೇಡ ಎಂದೆ.

ಕಾರಣ ಅರ್ಧ ಪ್ರೆಸ್ಸಿನದು, ಅರ್ಧ ಕಥೆಯದು. ಬಣ್ಣದ ಅಚ್ಚಿಗೆ ನಾಲ್ಕು ಇಂಕು: ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ, ಕಪ್ಪು. ಒಂದೊಂದಕ್ಕೆ ಒಂದು ಪ್ಲೇಟು, ಅಂದರೆ ಅಚ್ಚಿನ ತಗಡು. ಹಲವು ಭಾಷೆಗಳ ಪುಸ್ತಕದಲ್ಲಿ ಅಕ್ಷರಗಳನ್ನೆಲ್ಲ ಕಪ್ಪು ಪ್ಲೇಟಿನಲ್ಲೇ ಇಡುತ್ತಾರೆ. ಭಾಷೆ ಬದಲಾದಾಗ ಅದೊಂದನ್ನು ಬದಲಿಸಿದರೆ ಸಾಕು, ಮೂರು ಪ್ಲೇಟಿನ ಖರ್ಚು ಉಳಿಯುತ್ತದೆ. ಹಾಗಾಗಿ ಚಿತ್ರದೊಳಗೆ ನಾನು ಬಣ್ಣದಲ್ಲಿ ಅಕ್ಷರ ಬರೆಯುವಂತಿಲ್ಲ. ಸ್ಟೇಷನ್ನಿನ ಹಳದಿ ಬೋರ್ಡಿನ ಮುಂದೆ ಮೂಟೆ ಹೊತ್ತ ಕೂಲಿಯನ್ನು ನಿಲ್ಲಿಸಿದ್ದು ಅದಕ್ಕೇ. ಅಕ್ಷರಕ್ಕೆ ಬಿಡುವ ಜಾಗವನ್ನು ನಾನು ಕನ್ನಡ ಇಟ್ಟೇ ಅಳೆಯುತ್ತೇನೆ. ನಮ್ಮ ಸಾಲುಗಳ ನಡುವೆ ಒತ್ತಕ್ಷರ ಇಳಿಯಲು ಜಾಗ ಬೇಕಲ್ವಾ.

ಈಗ ಸುರಂಗಕ್ಕೆ ಬನ್ನಿ. ಕಪ್ಪು ಇಂಕು ಒಂದನ್ನೇ ಎರಡು ಪುಟದ ಮೇಲೆ ಹರಡಿದರೆ ಮಂಕಾಗಿ, ಬೂದು ಬೂದಾಗಿ ಕಾಣುತ್ತದೆ. ನಿಜವಾದ ಕತ್ತಲೆ ಬೇಕಾದರೆ ಅದರ ಕೆಳಗೆ ಉಳಿದ ಬಣ್ಣಗಳೂ ಇರಬೇಕು. ಆದರೆ ಅಂಥ ಕತ್ತಲೆಯಲ್ಲಿ ಬಿಳಿ ಅಕ್ಷರ ಬಿಡಬೇಕೆಂದರೆ ಪ್ರತಿ ಭಾಷೆಗೂ ಎಲ್ಲ ಪ್ಲೇಟುಗಳನ್ನೂ ಬದಲಿಸಬೇಕು. ಮಂಕು ಕತ್ತಲೆಯಲ್ಲಿ ಅಕ್ಷರ, ಇಲ್ಲವೇ ದಟ್ಟ ಕತ್ತಲೆ, ಅಕ್ಷರವಿಲ್ಲದೆ. ನನಗೆ ಎರಡನೆಯದೇ ಬೇಕಿತ್ತು. ಪ್ಲೇಟಿನ ಮಾತಿಲ್ಲದಿದ್ದರೂ ಅದನ್ನೇ ಕೇಳುತ್ತಿದ್ದೆ. ಹೆದರಿದ ಮಗು ವಾಕ್ಯಗಳಲ್ಲಿ ಯೋಚಿಸುವುದಿಲ್ಲ.

ಪೂರ್ತಿ ಕಪ್ಪು ಬಿಟ್ಟರೂ ಸುಳ್ಳಾಗುತ್ತಿತ್ತು. ಸುರಂಗದಲ್ಲಿ ಬೋಗಿಯ ಲೈಟು ಉರಿಯುತ್ತಲೇ ಇರುತ್ತದೆ. ಕತ್ತಲೆ ಇರುವುದು ಕಿಟಕಿಯ ಆಚೆ. ಗಾಜು ಇಳಿಸಿದ್ದರೆ ಅದರಲ್ಲಿ ನಮ್ಮದೇ ಮುಖ ತೇಲುತ್ತದೆ. ಅದನ್ನೇ ಬರೆದೆ. ಎರಡು ಪುಟ ಕಪ್ಪು, ಬಲಗಡೆ ಮೂಲೆಯಲ್ಲಿ ತೀರಾ ತೆಳುವಾಗಿ ಹುಡುಗಿಯ ಮುಖ, ಅದರ ಹಿಂದೆ ಅಮ್ಮಮ್ಮನ ಕನ್ನಡಕದ ಎರಡು ಚುಕ್ಕೆ. ಹಿಂದಿನ ಪುಟದ ಕೊನೆಗೆ ‘ಸುರಂಗ ಬಂತು!’ ಎಂದಷ್ಟೇ ಉಳಿಯಿತು. ಲೇಖಕಿ ಎರಡು ದಿನ ಯೋಚಿಸಿ ತಮ್ಮ ಆರು ಸಾಲನ್ನೂ ತಾವೇ ತೆಗೆದರು. ಅವರ ಮೇಲೆ ನನಗೆ ಬಹಳ ಗೌರವ.

ಉಳಿದ ಪುಟಗಳೆಲ್ಲ ಜಲವರ್ಣ. ಕಾಗದ ತರುವುದು ಕ್ರಾಫರ್ಡ್ ಮಾರ್ಕೆಟ್ ಕಡೆಯಿಂದ. ಹೋದಾಗಲೆಲ್ಲ ಮಾರ್ಕೆಟ್ ಬಾಗಿಲ ಮೇಲಿನ ಉಬ್ಬುಚಿತ್ರಗಳನ್ನು ನಿಂತು ನೋಡುತ್ತೇನೆ. ಎದುರಿನ ಜೆ.ಜೆ.ಯಲ್ಲಿ ಮೇಷ್ಟರಾಗಿದ್ದ ಲಾಕ್‌ವುಡ್ ಕಿಪ್ಲಿಂಗ್ ಮಾಡಿದ್ದು. ಮುಂದೆ ಮಗ ರುಡ್ಯಾರ್ಡ್ ಕಿಪ್ಲಿಂಗರ ‘ಕಿಮ್’ ಕಾದಂಬರಿಗೂ ಅವರು ಮಣ್ಣಿನಲ್ಲಿ ಉಬ್ಬುಚಿತ್ರ ಮಾಡಿ, ಅವುಗಳ ಫೋಟೋ ತೆಗೆಸಿ ಅಚ್ಚು ಹಾಕಿಸಿದರು. ಪುಸ್ತಕದ ಚಿತ್ರವನ್ನು ಮಣ್ಣಿನಲ್ಲೂ ಮಾಡಬಹುದು ಅನ್ನುವುದು ನನಗೆ ಈಗಲೂ ಉತ್ಸಾಹ ಕೊಡುತ್ತದೆ.

ಜೂನ್, ಜುಲೈನಲ್ಲಿ ಇಲ್ಲಿ ಕಾಗದ ಒಣಗುವುದೇ ಇಲ್ಲ. ಬಣ್ಣದ ಅಂಚು ಗಟ್ಟಿಯಾಗದೆ ಹರಡುತ್ತಾ ಹೋಗುತ್ತದೆ. ಹೊನ್ನಾವರದ ಶರಾವತಿ ಸೇತುವೆಯ ಪುಟವನ್ನು ನಾನು ಬೇಕೆಂದೇ ಮಳೆಗಾಲಕ್ಕೆ ಇಟ್ಟುಕೊಂಡೆ. ಎರಡು ಕಿಲೋಮೀಟರು ಉದ್ದದ ಸೇತುವೆ, ಕೆಳಗೆಲ್ಲ ನೀರು. ಆ ನೀರಿನ ಅಂಚನ್ನು ಡೊಂಬಿವ್ಲಿಯ ತೇವವೇ ಬರೆದುಕೊಟ್ಟಿತು ಅನ್ನಬಹುದು.

ಪುಸ್ತಕ ಬಂದ ಮೇಲೆ ಮುಂಬೈ ಪಾಲಿಕೆಯ ಒಂದು ಕನ್ನಡ ಶಾಲೆಯಲ್ಲಿ ಓದಿ ತೋರಿಸಿದೆ. ಕಪ್ಪು ಪುಟ ತೆರೆದು ಸುಮ್ನೆ ಕೂತೆ. ಮೊದಲು ಒಬ್ಬ ಹುಡುಗ ಗಾಲಿಯ ಸದ್ದು ಶುರು ಮಾಡಿದ. ಆಮೇಲೆ ಇಡೀ ಕ್ಲಾಸು ರೈಲಾಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ಮೂಲೆಯ ಮೇಲೆ ಬೆರಳಿಟ್ಟಳು.

“ಟೀಚರ್, ಇಲ್ಲಿ ಯಾರೋ ಇದ್ದಾರೆ.”

“ಯಾರದು?” ಎಂದೆ.

“ಅವಳೇ. ಅವಳಿಗೆ ಅವಳೇ ಕಾಣ್ತಿದ್ದಾಳೆ.”

ಈಗ ಮೀನಿನ ಕಥೆಯೊಂದು ಮೇಜಿನ ಮೇಲಿದೆ. ಬೆಳಗಿನ ಮೊದಲ ಲೋಕಲ್ಲಿಗೆ ಹೊರಟು ಕೊಲಾಬಾದ ಸಸೂನ್ ಡಾಕ್‌ಗೆ ಹೋಗುತ್ತಿದ್ದೇನೆ. 1875ರ ಹಳೆಯ ಹಡಗುಕಟ್ಟೆ ಅದು. ಮೀನುಗಾರ ಕೋಲಿ ಸಮುದಾಯದ ಹೆಂಗಸರ ಬುಟ್ಟಿಗಳ ಮುಂದೆ ನಿಂತು ಬರೆಯುತ್ತೇನೆ. ಮಾಂಜಿ, ಬಂಗುಡೆಗಳ ಆ ಬೆಳ್ಳಿಯ ಹೊಳಪು ನಾಲ್ಕು ಇಂಕಿನಲ್ಲಿ ಬರುವುದಿಲ್ಲ. ಬೆಳ್ಳಿಯ ಇಂಕನ್ನು ಐದನೆಯದಾಗಿ ಸೇರಿಸಿದರೆ ಪುಸ್ತಕದ ಬೆಲೆ ಏರುತ್ತದೆ. ಸುತ್ತಲೂ ಕಡುನೀಲಿ ತುಂಬಿ, ಮೀನಿನ ಮೈಯನ್ನು ಬರೀ ಬಿಳಿ ಕಾಗದವಾಗಿಯೇ ಬಿಟ್ಟು ನೋಡುತ್ತಿದ್ದೇನೆ. ಬಂಗುಡೆಗೆ ಅದು ಒಪ್ಪುತ್ತಿದೆ. ಮಾಂಜಿಯ ಚಪ್ಪಟೆ ಮೈಗೆ ಎಲ್ಲೋ ಒಂದು ಗೆರೆ ಬೇಕು, ಅದನ್ನು ಹುಡುಕುತ್ತಿದ್ದೇನೆ.