ತೊಂಬತ್ತರ ಗ್ರೆಮಿನ್

1985ರಲ್ಲಿ, ತೊಂಬತ್ತು ತುಂಬಿದಾಗ, ಮಾರ್ಕ್ ರೈಜೆನ್ ಮಾಸ್ಕೋದ ಬೊಲ್ಶೊಯ್ ರಂಗದಲ್ಲಿ ಚೈಕೊವ್‌ಸ್ಕಿಯ ‘ಯೆವ್ಗೆನಿ ಒನೆಗಿನ್’ ಆಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಗ್ರೆಮಿನ್ ಪಾತ್ರದಲ್ಲಿ ಹಾಡಿದರು. 1921ರಲ್ಲಿ ಖಾರ್ಕಿವ್‌ನಲ್ಲಿ ರಂಗ ಹತ್ತಿ, 1930ರಿಂದ 1954ರವರೆಗೆ ಬೊಲ್ಶೊಯ್‌ನಲ್ಲಿದ್ದ ಬಾಸ್, ಅಂದರೆ ಗಂಡುದನಿಗಳಲ್ಲೇ ಅತಿ ಮಂದ್ರದ ದನಿಯ ಗಾಯಕ. ಮೂರು ಸ್ಟಾಲಿನ್ ಪ್ರಶಸ್ತಿ ಬೇರೆ. ಅದಿರಲಿ.

ಗ್ರೆಮಿನ್‌ಗಿರೋದು ಮೂರನೇ ಅಂಕದಲ್ಲಿ ಒಂದೇ ಆರಿಯಾ (ಒಬ್ಬರೇ ಹಾಡುವ ಹಾಡು), ಐದಾರು ನಿಮಿಷ. ಹಾಗಂತ ಸುಲಭ ಅಲ್ಲ. ಗತಿ ನಿಧಾನ, ಸಾಲು ಉದ್ದ, ಕೊನೆಗೆ ಮಂದ್ರದ ಜಿ-ಫ್ಲಾಟ್ ಎಂಬ ಸ್ವರಕ್ಕೆ ಇಳಿಯಬೇಕು. ಅಲ್ಲಿ ಗಂಟಲು ಒತ್ತಿ ದನಿ ದಪ್ಪ ಮಾಡಲು ಹೋದರೆ ಸ್ವರ ಕೈತಪ್ಪುತ್ತೆ. ವಯಸ್ಸಾದವರಿಗೆ ಇನ್ನೊಂದು ಕಾಟ: ಉಸಿರಿನ ಹಿಡಿತ ಸಡಿಲಾಗಿ ನಿಂತ ಸ್ವರ ಓಲಾಡುತ್ತೆ. ಆದರೆ ತಾರಕ್ಕೆ ಹೋಲಿಸಿದರೆ ಮಂದ್ರ ತಡವಾಗಿ ಕೈಕೊಡುತ್ತೆ. ಮುಸೋರ್ಗ್‌ಸ್ಕಿಯ ‘ಬೋರಿಸ್ ಗೊದುನೊವ್’ ಆಪೆರಾದ ಬೋರಿಸ್‌ನಂಥ ದೊಡ್ಡ ಪಾತ್ರ ಬಿಟ್ಟು ಇದನ್ನು ಹಾಡಿದ್ದು ಜಾಣತನವೇ ಅನ್ನಿಸುತ್ತೆ.